ಬೂದಿಕೋಟೆಯ ಹಳೆಯ ಪಿಸ್ತೂಲು

ಪ್ರವಾಸ ಹೊರಡುವವರು ಸಾಮಾನ್ಯವಾಗಿ ಒಂದು ಕ್ಷೇತ್ರವನ್ನೋ, ಜಲಪಾತವನ್ನೋ, ಶಿಲ್ಪವನ್ನೋ ನೋಡುವ ಉದ್ದೇಶದಿಂದ ಮನೆ ಬಿಡುವರು. ನಾವು ಕಳೆದ ವರ್ಷ ನವರಾತ್ರಿಗೆ ಹತ್ತು ದಿನ ಮುಂಚಿತವಾಗಿ ಬೂದಿಕೋಟೆಗೆ ಹೊರಟದ್ದು ಅಂಗೈಯಲ್ಲಿ ಅಡಗುವಂತಹ ಒಂದು ಪಿಸ್ತೂಲನ್ನು ನೋಡುವುದಕ್ಕಾಗಿ. ಶಬ್ದರೂಪಗಳನ್ನು ಉರುಹೊಡೆಯಿಸುವುದರಲ್ಲಿಯೇ ಆಯುಸ್ಸನ್ನು ಸವೆಯಿಸಿ ವಿಶ್ರಾಂತಿ ಹೊಂದಿರುವ ಸಂಸ್ಕೃತದ ಮೇಷ್ಟರಿಗೂ ಪಿಸ್ತೂಲಿಗೂ ಏನು ಸಂಬಂಧವೆಂದು ವಾಚಕರು ನಗಬಹುದು.

ಸಂಬಂಧವುಂಟು. ನಾವಿದ್ದ ಪ್ರೌಢಶಾಲೆಯಲ್ಲಿ ಪಾಠಪ್ರವಚನದೊಡನೆ ಎನ್.ಸಿ.ಸಿ. ಪಡೆಯ ಮೇಲ್ವಿಚಾರಣೆಯೂ ಅನೇಕ ವರ್ಷ ನಮ್ಮ ಪಾಲಿಗೆ ಬಂದಿದ್ದಿತು. ಶಿಬಿರದಲ್ಲಿ ಹುಡುಗರು ನೆಲದ ಮೇಲೆ ಬೋರಲಾಗಿ ಮಲಗಿ, ‘ಪಾಯಿಂಟ್ ಟೂ ಟೂ’ ಎಂದು ಎಲ್ಲರೂ ಕರೆಯುವ ಸಣ್ಣ ಬಂದೂಕಿನಿಂದ ಗುರಿಹಲಗೆಗೆ ಗುಂಡು ಹೊಡೆಯುತ್ತಿದ್ದರು. ಆ ಬಂದೂಕಿನ ನಳಿಗೆಯ ಬಾಯಿ ಒಂದು ಅಂಗುಲದ ನೂರರಲ್ಲಿ ಇಪ್ಪತ್ತೆರಡು ಪಾಲಿನಷ್ಟು ಮಾತ್ರ. ಶಬ್ದವೂ ಒಣ ಕಡ್ಡಿ ಮುರಿದಂತೆ ಚಿಕ್ಕದು. ಆದರೆ ಉಸಿರನ್ನು ಹಿಡಿದು, ಕಣ್ಣು, ನಳಿಗೆಯ ತುದಿ, ಗುರಿ ಈ ಮೂರನ್ನೂ ಒಂದೇ ರೇಖೆಗೆ ತಂದು, ಬೆರಳನ್ನು ಮೆಲ್ಲನೆ ಹಿಂದಕ್ಕೆಳೆಯುವ ಆ ಕ್ಷಣದಲ್ಲಿ ಎಂತಹ ಚಂಚಲ ಬಾಲಕನೂ ಯೋಗಿಯಂತಾಗುತ್ತಿದ್ದನು. ಇದನ್ನು ಕಂಡಂದಿನಿಂದ ಹಳೆಯ ಕೋವಿ ಪಿಸ್ತೂಲುಗಳ ಚರಿತ್ರೆಯನ್ನು ಓದುವ ಹುಚ್ಚು ನಮಗೆ ಹತ್ತಿತು. ಕೊಂಡು ಕೂಡಿಡುವ ಶಕ್ತಿಯಾಗಲಿ ಪರವಾನಗಿಯಾಗಲಿ ನಮಗಿಲ್ಲವಾದ್ದರಿಂದ, ನೋಡಿ ತೃಪ್ತಿಪಡುವುದೇ ನಮ್ಮ ಸಂಗ್ರಹ.

ಈ ಹುಚ್ಚನ್ನು ಬಲ್ಲ ಹಳೆಯ ಶಿಷ್ಯನೊಬ್ಬನು ಬೂದಿಕೋಟೆಯಿಂದ ನಮಗೆ ಬರೆದನು: “ಮೇಷ್ಟ್ರೇ, ಅಟ್ಟವನ್ನು ಬಿಚ್ಚಿಸುವಾಗ ತಾತನ ಟ್ರಂಕಿನಲ್ಲಿ ಒಂದು ಪಿಸ್ತೂಲು ಸಿಕ್ಕಿದೆ. ಏನು ಮಾಡಬೇಕೋ ತಿಳಿಯದು. ದಯಮಾಡಿ ಒಂದು ಸಲ ಬಂದು ಹೋಗಿ.” ಕಾಗದದ ಕೊನೆಯ ಸಾಲು ನಮ್ಮನ್ನು ಹೊರಡಿಸಿತು: “ಮಗನು ಅದನ್ನು ಬಿಟ್ಟು ಅಲುಗುವುದಿಲ್ಲ. ಒಂದು ಸಲವಾದರೂ ಹಾರಿಸಿ ನೋಡೋಣವೆನ್ನುತ್ತಾನೆ. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಆಗಿದೆ.”

ಬೆಂಗಳೂರಿನಿಂದ ರೈಲಿನಲ್ಲಿ ಬಂಗಾರಪೇಟೆಗೆ ಬಂದಿಳಿದೆವು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ದೊರೆಯ ಹೆಸರಿನಿಂದ ಬೌರಿಂಗ್‌ಪೇಟೆಯೆನಿಸಿದ್ದ ಊರಿದು. ಪಕ್ಕದ ಗಣಿಯ ಚಿನ್ನಕ್ಕೆ ಒಪ್ಪುವಂತೆ ಈಗ ಬಂಗಾರಪೇಟೆಯಾಗಿದೆ. ಇಲ್ಲಿನ ಪಾನಿಪುರಿಯ ನೀರು ಬಣ್ಣವಿಲ್ಲದೆ ತಿಳಿಯಾಗಿರುವುದು. ನಾಲಗೆಗೆ ತಾಕಿದ ಮೇಲೆಯೇ ಅದರೊಳಗಿನ ಬೆಂಕಿ ಗೊತ್ತಾಗುವುದು. ಶಿಷ್ಯನ ಒತ್ತಾಯಕ್ಕೆ ಒಂದನ್ನು ತಿಂದು, ಕಣ್ಣೊರಸಿಕೊಂಡು, ಅವನ ಮೋಟಾರಿನಲ್ಲಿ ದಕ್ಷಿಣಕ್ಕೆ ಸಾಗಿದೆವು. ಹೆಬ್ಬಂಡೆಗಳನ್ನು ಪೇರಿಸಿಟ್ಟಂತಹ ಗುಡ್ಡಗಳು, ಮಾವಿನ ತೋಪುಗಳು, ಟೊಮೇಟೊ ಹೊಲಗಳು ಇವುಗಳ ನಡುವೆ ಅರ್ಧ ಗಂಟೆಯೊಳಗೆ ಬೂದಿಕೋಟೆ ಬಂದಿತು.

ಊರಿನ ಹೆಸರಿಗೆ ಬೂದಿಯ ಕೋಟೆಯೆಂದೇ ಅರ್ಥ. ಸಂಸ್ಕೃತದಲ್ಲಿ ವಿಭೂತಿಪುರ. ಪೂರ್ವಕಾಲದಲ್ಲಿ ಇಲ್ಲಿ ನಡೆದ ಯಜ್ಞಗಳ ಭಸ್ಮದಿಂದ ಈ ಹೆಸರು ಬಂದಿತೆಂದು ಹೇಳುವರು. ಹತ್ತಿರದಲ್ಲಿಯೇ ಮಾರ್ಕಂಡೇಯ ನದಿಯೂ ಅದರ ಜಲಾಶಯವೂ ಇರುವುವು. ಶಾಂತವಾದ ಈ ಊರಿನಲ್ಲಿ 1720ರ ಸುಮಾರಿಗೆ ಹೈದರಾಲಿಯು ಹುಟ್ಟಿದನು. ಅವನ ತಂದೆ ಫತೇ ಮಹಮ್ಮದನು ಸಿರಾ ಸೀಮೆಯ ನವಾಬನ ಸೇವೆಯಲ್ಲಿದ್ದು ಈ ಊರನ್ನು ಜಹಗೀರಿಯಾಗಿ ಪಡೆದಿದ್ದನು. ಮಗನು ಇನ್ನೂ ಎಳೆಯವನಾಗಿರುವಾಗಲೇ ಯುದ್ಧದಲ್ಲಿ ಮಡಿದನು. ಅಕ್ಷರವನ್ನೇ ಕಲಿಯದ ಆ ಬಾಲಕನು ಮುಂದೆ ಮೈಸೂರಿನ ಸರ್ವಾಧಿಕಾರಿಯಾದನು. 1780ರಲ್ಲಿ ಪೊಲ್ಲಿಲೂರಿನ ಕಾಳಗದಲ್ಲಿ ಅವನ ಸೈನ್ಯದ ಅಗ್ನಿಬಾಣಗಳಿಗೆ ಇಂಗ್ಲಿಷರ ಪಡೆ ತತ್ತರಿಸಿತು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ಅವನು ತೀರಿಕೊಂಡಾಗ ದೇಹವನ್ನು ಮೊದಲು ಕೋಲಾರದಲ್ಲಿ ತಂದೆಯ ಗೋರಿಯ ಬಳಿ ಇರಿಸಿ, ಅನಂತರ ಶ್ರೀರಂಗಪಟ್ಟಣಕ್ಕೆ ಒಯ್ದರು. ಕೋವಿಮದ್ದಿನ ಚರಿತ್ರೆಯಲ್ಲಿ ಹೆಸರಾದ ಒಬ್ಬ ಪುರುಷನು ಬೂದಿಯ ಹೆಸರಿನ ಊರಿನಲ್ಲಿ ಹುಟ್ಟಿದ್ದು ವಿನೋದವೆನಿಸಿತು.

ಶಿಷ್ಯನ ಮನೆಗೆ ಹೋಗಿ ಕಾಲು ತೊಳೆದು, ಅವನ ತಾಯಿ ಕೊಟ್ಟ ಮಜ್ಜಿಗೆ ಕುಡಿದು ಕುಳಿತೆವು. ಹುಡುಗನು ಒಂದು ಪಂಚೆಯ ಗಂಟನ್ನು ತಂದು ನಮ್ಮ ಮುಂದಿಟ್ಟನು. ಅವನಿಗೆ ಹದಿನಾಲ್ಕು ವರ್ಷ, ಕಣ್ಣುಗಳು ಹೊಳೆಯುತ್ತಿದ್ದುವು. ನಾವು ಗಂಟನ್ನು ಬಿಚ್ಚಿ ಮೊದಲು ಮಾಡಿದ ಕೆಲಸವೆಂದರೆ, ನಳಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿ, ಅದರಲ್ಲಿ ತೋಟಾ ತುಂಬಿದೆಯೇ ಎಂದು ನೋಡಿದ್ದು. ಬರಿದಾಗಿದ್ದಿತು. ಅನಂತರವೇ ನಮ್ಮ ಎದೆಬಡಿತ ಇಳಿಯಿತು.

ಉಕ್ಕಿನ ಮೇಲೆ ಅಲ್ಲಲ್ಲಿ ಕಂದು ಮಚ್ಚೆಗಳಿದ್ದರೂ ವಸ್ತುವು ಸುಸ್ಥಿತಿಯಲ್ಲಿದ್ದಿತು. ಹಿಡಿಕೆಯು ಮರದ್ದು. ನಡುವೆ ಏಳು ರಂಧ್ರಗಳುಳ್ಳ ಸುತ್ತುವ ಉರುಳೆ. ಕೆಳಗಿನ ಚಿಲಕವನ್ನು ಒತ್ತಿದರೆ ನಳಿಗೆಯು ಬಾಗಿಲಿನಂತೆ ಮೇಲಕ್ಕೆ ಮಡಿಚಿಕೊಳ್ಳುವುದು. ಉರುಳೆಯನ್ನು ಹೊರಕ್ಕೆ ತೆಗೆದು, ನಳಿಗೆಯ ಅಡಿಯಲ್ಲಿರುವ ಕಡ್ಡಿಯಿಂದ ಬರಿದಾದ ತೋಟಾಗಳನ್ನು ಒಂದೊಂದಾಗಿ ನೂಕಬೇಕು. ಅಮೆರಿಕೆಯ ಸ್ಮಿತ್ ಮತ್ತು ವೆಸನ್ ಎಂಬವರು 1857ರಲ್ಲಿ ಹೊರತಂದ ಪ್ರಥಮ ಮಾದರಿಯ ರಚನೆಯೂ ಇದೇ. ಆದರೆ ಇದು ಅವರದಲ್ಲ. ಭೂತಗನ್ನಡಿಯಿಂದ ನೋಡಿದಾಗ ಅಂಡಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರಗಳು ಕಾಣಿಸಿದುವು. ಅದು ಬೆಲ್ಜಿಯಂ ದೇಶದ ಲೀಜ್ ಪಟ್ಟಣದ ಪರೀಕ್ಷಾಶಾಲೆಯ ಮುದ್ರೆ. 1893ರಿಂದೀಚೆಗೆ ಆ ಮುದ್ರೆಯ ಮೇಲೊಂದು ಕಿರೀಟವನ್ನು ಸೇರಿಸಿದರು. ಇದರಲ್ಲಿ ಕಿರೀಟವಿರಲಿಲ್ಲ. ಎಂದರೆ, ಈ ಪುಟ್ಟ ಯಂತ್ರಕ್ಕೆ ನೂರಮೂವತ್ತು ವರ್ಷಕ್ಕೂ ಮಿಕ್ಕ ಪ್ರಾಯ.

ಜತೆಯಲ್ಲಿ ಒಂದು ತಗಡಿನ ಡಬ್ಬಿಯಲ್ಲಿ ಐದು ತೋಟಾಗಳೂ ಇದ್ದುವು. ಹುಡುಗನು ಒಂದನ್ನು ಎತ್ತಿ, “ತಾತಾ, ಇದರ ಹಿಂದೆ ಚುಕ್ಕೆಯೇ ಇಲ್ಲವಲ್ಲ, ಸುತ್ತಿಗೆ ಎಲ್ಲಿ ಹೊಡೆಯುತ್ತದೆ?” ಎಂದು ಕೇಳಿದನು. ಬುದ್ಧಿವಂತನ ಪ್ರಶ್ನೆ. ನಾವು ಇಪ್ಪತ್ತು ವರ್ಷ ಹಿಂದಿನ ಮೇಷ್ಟರಾಗಿಬಿಟ್ಟೆವು.

“ಮಗು, ನಿಮ್ಮೂರಿನ ಹೈದರಾಲಿಯ ಸಿಪಾಯಿ ಕೋವಿಯನ್ನು ಸಿದ್ಧಪಡಿಸಬೇಕಾದರೆ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಇಡಿದು, ಕಿವಿಯಲ್ಲಿ ಚಿಟಿಕೆ ಮದ್ದಿಟ್ಟು, ಚಕಮಕಿ ಕಲ್ಲಿನ ಕಿಡಿಯನ್ನು ಕಾಯಬೇಕಾಗಿದ್ದಿತು. ಮಳೆ ಬಂದರೆ ಕೋವಿಯು ಬರಿಯ ದೊಣ್ಣೆ. ಆಮೇಲೆ ಪೆಟ್ಟು ಬಿದ್ದೊಡನೆ ಸಿಡಿಯುವ ಪಾದರಸದ ಒಂದು ಲವಣವನ್ನು ತಾಮ್ರದ ಟೋಪಿಯಲ್ಲಿಟ್ಟು ಕಿಡಿಗೆ ಬದಲಾಗಿ ಬಳಸಿದರು. 1845ರಲ್ಲಿ ಫ್ರಾನ್ಸಿನ ಫ್ಲೋಬೇರ್ ಎಂಬವನು ಆ ಟೋಪಿಯ ಬಾಯಿಗೇ ಒಂದು ಸಣ್ಣ ಗುಂಡನ್ನು ಕಚ್ಚಿಸಿದನು. ದೊಡ್ಡ ಮನೆಗಳ ಹಜಾರದಲ್ಲಿ ಕುಳಿತು ಗುರಿ ಹೊಡೆಯುವ ವಿನೋದಕ್ಕೆ ಅದು ಬಂದಿತು. ಅಮೆರಿಕೆಯವರು ಅದನ್ನು ಉದ್ದಮಾಡಿ ಮದ್ದನ್ನೂ ಒಳಗೆ ತುಂಬಿದರು. ಈ ತೋಟಾದ ಬುಡದಲ್ಲಿ ತಟ್ಟೆಯ ಅಂಚಿನಂತೆ ಸುತ್ತಲೂ ಒಂದು ಮಡಿಕೆಯಿದೆ, ನೋಡು. ಸಿಡಿಯುವ ಪದಾರ್ಥವು ಆ ಮಡಿಕೆಯೊಳಗಿದೆ. ಅಂಚಿನ ಯಾವ ಭಾಗಕ್ಕೆ ಪೆಟ್ಟು ಬಿದ್ದರೂ ಬೆಂಕಿ ಹತ್ತುವುದು. ಆದ್ದರಿಂದಲೇ ಇಂಗ್ಲಿಷಿನವರು ಇದನ್ನು ‘ರಿಮ್‌ಫೈರ್’ ಎಂದರು. ಅಂಚು ಒಂದು ಸಲ ನಜ್ಜುಗುಜ್ಜಾದರೆ ಮತ್ತೆ ತುಂಬುವಂತಿಲ್ಲ. ಒಂದು ತೋಟಾ, ಒಂದು ಹೊಡೆತ, ಅಲ್ಲಿಗೆ ಮುಗಿಯಿತು.”

ಈ ಜಾತಿಯ ತೋಟಾ ಅಳಿದುಹೋಗಲಿಲ್ಲ. 1887ರಲ್ಲಿ ರೂಪುಗೊಂಡ ಅದರ ಉದ್ದನೆಯ ತಳಿಯೇ ನಮ್ಮ ಶಿಬಿರಗಳ ತೋಟಾ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯಕುಮಾರರಿಗೆ ಬೆಳ್ಳಿಯ ಪದಕ ತಂದ ಇಪ್ಪತ್ತೈದು ಮೀಟರಿನ ಪಿಸ್ತೂಲು ಸ್ಪರ್ಧೆಯೂ ಇದರದೇ. ಹಜಾರದ ಆಟಿಕೆಯು ವಿಶ್ವದ ಕ್ರೀಡಾಂಗಣವನ್ನು ಮುಟ್ಟಿತು.

ಹಳೆಯ ಆಯುಧಗಳಲ್ಲಿ ಜನರಿಗೇಕೆ ಇಷ್ಟು ಮೋಹವೆಂಬುದನ್ನು ನಾವು ಆ ಪಿಸ್ತೂಲನ್ನು ಹಿಡಿದು ಕುಳಿತಾಗ ಚೆನ್ನಾಗಿ ಅರಿತೆವು. ಅದರಲ್ಲಿ ಒಬ್ಬ ಅಜ್ಞಾತ ಕಮ್ಮಾರನ ಅರದ ಗುರುತುಗಳು ಇನ್ನೂ ಇದ್ದುವು. ಚಿಲಕವು ಮುಚ್ಚಿಕೊಳ್ಳುವಾಗ ಆಗುವ ‘ಕ್ಲಿಕ್’ ಎಂಬ ಸದ್ದಿನಲ್ಲಿ ಒಂದು ಅಚ್ಚುಕಟ್ಟಿತ್ತು. ಪ್ರತಿಯೊಂದು ಮುದ್ರೆಯೂ ಒಂದು ಶಾಸನ. ಓದಬಲ್ಲವನಿಗೆ ಊರು, ಕಾಲ, ವಂಶ ಎಲ್ಲವನ್ನೂ ಹೇಳುವುದು. ಟಿಪ್ಪುವಿನ ಕೋವಿಗಳ ಮೇಲೆ ಮಾಡಿದ ಊರಿನ ಹೆಸರನ್ನೂ, ಅವನೇ ಬಳಕೆಗೆ ತಂದ ಮೌಲೂದಿ ಶಕದ ವರ್ಷವನ್ನೂ, ಹುಲಿಯ ಪಟ್ಟೆಗಳನ್ನೂ ಕೆತ್ತುತ್ತಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವು ಸಮುದ್ರವನ್ನು ದಾಟಿದುವು. 2015ರಲ್ಲಿ ಲಂಡನ್ನಿನ ಒಂದೇ ಹರಾಜಿನಲ್ಲಿ ಅವನ ಕಾಲದ ಆಯುಧಾದಿಗಳು 60 ಲಕ್ಷ ಪೌಂಡುಗಳಿಗೆ ಮಾರಾಟವಾದುವು. ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿಗಳಿಗೆ ತೋಕ್‌ಪೂ ಎಂಬ ಹೂವನ್ನು ಮುಡಿಸಿ ಪೂಜಿಸಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವರು. ಒಟ್ಟಿನಲ್ಲಿ ಹಳೆಯ ಆಯುಧವೆಂಬುದು ಕೈಗೆ ಸಿಕ್ಕುವ ಚರಿತ್ರೆ. ಪುಸ್ತಕವು ಕಣ್ಣಿಗೆ ಮಾತ್ರ ಹೇಳಿದರೆ, ಇದು ಅಂಗೈಗೆ ಹೇಳುವುದು.

ಪಿಸ್ತೂಲು ಈ ಮನೆಗೆ ಬಂದದ್ದು ಗಣಿಯಿಂದ. ಶಿಷ್ಯನ ತಾತನು ಕೋಲಾರದ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದನು. 1880ರಿಂದ ಇಂಗ್ಲೆಂಡಿನ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿಯು ನಡೆಯಿಸಿದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರವು ವಹಿಸಿಕೊಂಡಿತು. ಆಗ ಸ್ವದೇಶಕ್ಕೆ ಮರಳಿದ ದೊರೆಯೊಬ್ಬನು ಇದನ್ನು ತನ್ನ ಗುಮಾಸ್ತನಿಗೆ ನೆನಪಿಗೆಂದು ಮಾರಿಹೋದನಂತೆ. ತಾತನು ಪರವಾನಗಿಯನ್ನು ಪಡೆದಿದ್ದನು. ಆ ಕಾಗದವೂ ಟ್ರಂಕಿನಲ್ಲಿದ್ದಿತು. ಅವನು ತೀರಿಕೊಂಡ ಮೇಲೆ ಯಾರೂ ಅದನ್ನು ನೆನೆಯಲಿಲ್ಲ. ಗಣಿಯೂ 2001ರ ಫೆಬ್ರವರಿ 28ರಂದು ಮುಚ್ಚಿತು.

ಶಿಷ್ಯನ ತಾಯಿ ಬಾಗಿಲಿಗೆ ಒರಗಿ ನಿಂತು ಹೇಳಿದರು: “ಮಾವನವರು ವರ್ಷಕ್ಕೊಂದು ಸಲ, ಆಯುಧಪೂಜೆಯ ದಿನ, ಇದನ್ನು ತೆಗೆದು ಎಣ್ಣೆಬಟ್ಟೆಯಲ್ಲಿ ಒರಸಿ ಕುಂಕುಮ ಇಡುತ್ತಿದ್ದರು. ಹೊಡೆದದ್ದನ್ನು ನಾನು ನೋಡಲಿಲ್ಲ. ಈ ಹುಡುಗ ರಾತ್ರಿಯೆಲ್ಲ ಅದನ್ನೇ ಕನವರಿಸುತ್ತಾನೆ. ನನಗೆ ನಿದ್ದೆಯಿಲ್ಲ.”

ಮಾತು ಹೀಗೆ ನಡೆದಿರುವಾಗ ಶಿಷ್ಯನು ಸಂಕೋಚದಿಂದ, “ಮೇಷ್ಟ್ರೇ, ಕೆರೆಯ ಆಚೆ ಯಾರೂ ಇರುವುದಿಲ್ಲ. ನಿಮ್ಮ ಮುಂದೆ ಒಂದೇ ಒಂದು ಸಲ…” ಎಂದನು. ವಾಚಕರಲ್ಲಿ ಸುಳ್ಳಾಡುವುದೇಕೆ? ನಮ್ಮ ಬೆರಳೂ ಒಂದು ಕ್ಷಣ ಆ ಕೊಕ್ಕೆಯನ್ನು ಹುಡುಕಿತು. ಐದು ತೋಟಾಗಳಿವೆ, ಒಂದು ಹೋದರೆ ನಾಲ್ಕು ಎಂದು ಲೆಕ್ಕವನ್ನೂ ಹಾಕಿದೆವು. ಎದುರಿಗೆ ಆ ಹುಡುಗನ ಮುಖವಿಲ್ಲದಿದ್ದರೆ ಏನಾಗುತ್ತಿತ್ತೋ ಹೇಳಲಾರೆವು. ಪಿಸ್ತೂಲನ್ನು ಪಂಚೆಯ ಮೇಲೆ ಇಟ್ಟೆವು.

“ಬೇಡ” ಎಂದೆವು. “ಕಾರಣಗಳನ್ನು ಕೇಳು. ಈ ಉಕ್ಕು ಗಂಧಕ, ಇದ್ದಲು, ಪೆಟ್ಲುಪ್ಪು ಸೇರಿದ ಹಳೆಯ ಕರಿಮದ್ದಿನ ಮೆಲುಬಲಕ್ಕೆ ಮಾಡಿದ್ದು. ಈಗ ಸಿಕ್ಕುವ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿದರೆ ಉರುಳೆಯು ಒಡೆದು ನಿನ್ನ ಬೆರಳುಗಳನ್ನೇ ಕೊಂಡೊಯ್ಯಬಹುದು. ಈ ಹಳೆಯ ತೋಟಾಗಳೋ, ಪಾದರಸದ ದೆಸೆಯಿಂದ ಹಿತ್ತಾಳೆಯು ಒಳಗೊಳಗೇ ಗಾಜಿನಂತಾಗಿರಬಹುದು. ಸಿಡಿಯದೆಯೂ ಇರಬಹುದು, ಸಿಡಿಯಲಿಲ್ಲವೆಂದು ನಾವು ನಳಿಗೆಯನ್ನು ತಿರುಗಿಸಿದ ಹೊತ್ತಿಗೆ ಸಿಡಿಯಲೂಬಹುದು. ಇದು ಶರೀರದ ಮಾತಾಯಿತು. ಇನ್ನು ಕಾನೂನು. 1959ರ ಆಯುಧಗಳ ಅಧಿನಿಯಮದಲ್ಲಿ ಹಳೆಯ ಆಯುಧಕ್ಕೆ ವಿನಾಯಿತಿಯುಂಟು. ಆದರೆ ದುರಸ್ತಿ ಮಾಡಿದರೂ ಹಾರಿಸಲು ಬಾರದಂತಹ ವಸ್ತುವಿಗೆ ಮಾತ್ರ. ಇದರ ಕುದುರೆ ಏಳುತ್ತದೆ, ಉರುಳೆ ತಿರುಗುತ್ತದೆ. ಪರವಾನಗಿಯಿದ್ದದ್ದು ನಿನ್ನ ತಾತನಿಗೆ, ನಿನಗಲ್ಲ. ಹೀಗಿರುವಾಗ ತಡಮಾಡದೆ ಠಾಣೆಗಾಗಲಿ ಪರವಾನಗಿಯುಳ್ಳ ವ್ಯಾಪಾರಿಗಾಗಲಿ ಒಪ್ಪಿಸಿ ರಸೀತಿ ಪಡೆಯುವುದು ನಿನ್ನ ಕರ್ತವ್ಯ. ಅನಂತರ ವಾರಸುದಾರನೆಂದು ಪರವಾನಗಿಗೆ ಅರ್ಜಿ ಹಾಕಲು ನಿನಗೆ ದಾರಿಯಿದೆ.”

ಶಿಷ್ಯನು ತಲೆ ತಗ್ಗಿಸಿದನು. “ಇದೆಲ್ಲ ಗಲಾಟೆಯೇ ಬೇಡವೆಂದು ನಮ್ಮ ಚಿಕ್ಕಪ್ಪನವರು ಹೇಳುತ್ತಾರೆ. ರಾತ್ರಿ ಹಾಳುಬಾವಿಗೆ ಹಾಕಿಬಿಡು ಎನ್ನುತ್ತಾರೆ.”

ಬಾವಿಯೆಂಬ ಮಾತು ನಮಗೆ ಚುಚ್ಚಿತು. ನಮ್ಮ ತಾಯಿಯ ತವರಿನಲ್ಲಿ ಒಂದು ಚಕಮಕಿ ಕೋವಿಯಿದ್ದಿತು. ಹಿತ್ತಾಳೆಯ ಕಟ್ಟು, ಹಿಡಿಕೆಯ ಮೇಲೆ ಒಂದು ಬಳ್ಳಿಯ ಕೆತ್ತನೆ ಇಷ್ಟು ಮಾತ್ರ ನಮ್ಮ ಬಾಲ್ಯದ ನೆನಪಿಗಿರುವುದು. ಪೋಲೀಸರು ಬರುವರೆಂಬ ಯಾವುದೋ ಸುಳ್ಳು ಸುದ್ದಿಗೆ ಹೆದರಿ ಸೋದರಮಾವಂದಿರು ಅದನ್ನು ಒಂದು ರಾತ್ರಿ ಹಿತ್ತಲಿನ ಬಾವಿಗೆ ಹಾಕಿ ಮಣ್ಣು ತುಂಬಿಸಿದರು. ಅದು ಯಾರದು, ಯಾವ ಊರಿನಲ್ಲಿ ಮಾಡಿದ್ದು, ಏನು ಬರೆದಿದ್ದಿತು ಎಂಬುದನ್ನು ಇನ್ನು ಯಾರೂ ಹೇಳಲಾರರು. ಎಲ್ಲ ಬಾವಿಗಳೂ ಬಿದನೂರಿನ ಬಾವಿಯಂತೆ ಉದಾರವಾಗಿರುವುದಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನಲ್ಲಿ ಒಣಗಿದ ಬಾವಿಯೊಂದರ ಮಣ್ಣು ಕೋವಿಮದ್ದಿನ ವಾಸನೆ ಬರುವುದನ್ನು ಕಂಡು ಪುರಾತತ್ತ್ವ ಇಲಾಖೆಯವರು ಅಗೆಯಿಸಿದಾಗ, ಮೈಸೂರಿನ ಅಗ್ನಿಬಾಣಗಳು ಸಾವಿರಕ್ಕೂ ಮಿಕ್ಕಿ ದೊರೆತುವು. ಇನ್ನೂರು ವರ್ಷ ಕಾದು ಚರಿತ್ರೆಯನ್ನು ಹಿಂದಕ್ಕೆ ಕೊಟ್ಟ ಬಾವಿಯದು. ಅಂತಹದು ಅಪರೂಪ.

ಮೋಹವು ಹಾರಿಸಿ ಕೆಡಿಸುವುದು, ಭಯವು ಎಸೆದು ಕೆಡಿಸುವುದು. ಎರಡರಲ್ಲಿಯೂ ವಸ್ತುವಿಗೂ ಕೇಡು, ಮನೆಗೂ ಕೇಡು.

ಸಂಜೆ ಹುಡುಗನನ್ನು ಕರೆದುಕೊಂಡು ಗುಡ್ಡದ ಕಡೆಗೆ ಹೋದೆವು. ಬಂಡೆಯ ಮೇಲೆ ಕುಳಿತರೆ ಕೋಟೆಯ ಅಳಿದುಳಿದ ಕಲ್ಲುಗಳೂ, ಬಯಲೂ, ಮುಳುಗುವ ಸೂರ್ಯನೂ ಕಾಣಿಸುವುವು. ಅವನು ಮುನಿಸಿಕೊಂಡಿದ್ದನು. ನಾವು ಉಪದೇಶವನ್ನು ಮಾಡಲಿಲ್ಲ, ಕಥೆಯನ್ನು ಹೇಳಿದೆವು. ನಮ್ಮ ಪೂರ್ವಿಕರು ಆಯುಧಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಕೈಬಿಟ್ಟು ಎಸೆಯುವ ಚಕ್ರವು ಮುಕ್ತ, ಬಿಡದೆ ಹಿಡಿಯುವ ಖಡ್ಗವು ಅಮುಕ್ತ, ಎರಡಕ್ಕೂ ಒದಗುವ ಈಟಿಯು ಮುಕ್ತಾಮುಕ್ತ, ಬಿಲ್ಲಿನ ಸಹಾಯದಿಂದ ಹೋಗುವ ಬಾಣವು ಯಂತ್ರಮುಕ್ತ. ನಿನ್ನ ಮುತ್ತಾತನ ಪಿಸ್ತೂಲು ಈ ನಾಲ್ಕನೆಯದರ ಮರಿಮಗ ಎಂದಾಗ ಹುಡುಗನು ನಕ್ಕನು. ಮಹಾಭಾರತದ ಕೊನೆಯಲ್ಲಿ ಅರ್ಜುನನೂ ಅಶ್ವತ್ಥಾಮನೂ ಅಸ್ತ್ರವನ್ನು ಬಿಟ್ಟರು. ಋಷಿಗಳು ತಡೆದಾಗ ಅರ್ಜುನನು ತನ್ನದನ್ನು ಹಿಂದಕ್ಕೆ ಕರೆದುಕೊಂಡನು; ಅಶ್ವತ್ಥಾಮನಿಗೆ ಬಿಡುವುದು ಗೊತ್ತಿತ್ತು, ಹಿಂದೆಗೆಯುವುದು ಗೊತ್ತಿರಲಿಲ್ಲ. ಅದರ ಪೆಟ್ಟು ಬಿದ್ದದ್ದು ಗರ್ಭದಲ್ಲಿದ್ದ ಶಿಶುವಿನ ಮೇಲೆ.

ಹುಡುಗನು ಬಹಳ ಹೊತ್ತು ಸುಮ್ಮನಿದ್ದನು. ಕೊನೆಗೆ, “ಪಿಸ್ತೂಲಿನ ಗುಂಡನ್ನು ಅರ್ಜುನನೂ ಹಿಂದಕ್ಕೆ ಕರೆಯಲಾರನಲ್ಲವೇ ತಾತಾ?” ಎಂದನು.

“ಆದ್ದರಿಂದಲೇ ಹಿಂದೆಗೆಯುವುದನ್ನು ಹಾರಿಸುವುದಕ್ಕೆ ಮೊದಲೇ ಕಲಿಯಬೇಕು” ಎಂದೆವು. “ನಿನಗೆ ಗುರಿ ಹೊಡೆಯುವ ಆಸೆಯಿದ್ದರೆ ಎನ್.ಸಿ.ಸಿ. ಸೇರು. ಅಲ್ಲಿ ಹೊಸ ಬಂದೂಕು, ಹೊಸ ತೋಟಾ, ಮಗ್ಗುಲಲ್ಲಿ ಬೈಯುವುದಕ್ಕೊಬ್ಬ ಹವಾಲ್ದಾರ. ಎಲ್ಲವೂ ಸಿಕ್ಕುವುದು.”

ಮರುದಿನ ಬೆಳಿಗ್ಗೆ ಪಿಸ್ತೂಲಿನ ವಿವರವನ್ನು ಹುಡುಗನ ಕೈಯಿಂದಲೇ ಬರೆಯಿಸಿದೆವು: ನಳಿಗೆಯ ಉದ್ದ, ರಂಧ್ರಗಳ ಸಂಖ್ಯೆ, ಮುದ್ರೆಗಳ ಚಿತ್ರ, ತಾತನಿಗೆ ಬಂದ ಬಗೆ. ನಾಲ್ಕು ಕಡೆಯಿಂದಲೂ ಛಾಯಾಚಿತ್ರ ತೆಗೆಯಿಸಿದೆವು. ಅರ್ಜಿಯು ಮಂಜೂರಾದರೆ ವಸ್ತುವು ಮನೆಗೆ ಮರಳಬಹುದು. ಮರಳದಿದ್ದರೂ ಆ ಎರಡು ಹಾಳೆ ಮನೆಯಲ್ಲಿಯೇ ಉಳಿಯುವುದು. ಶಿಷ್ಯನು ಠಾಣೆಗೆ ಮುಂಚಿತವಾಗಿ ದೂರವಾಣಿಯಲ್ಲಿ ತಿಳಿಸಿ, ಹಳೆಯ ಪರವಾನಗಿಯನ್ನು ಜೇಬಿನಲ್ಲಿಟ್ಟುಕೊಂಡನು.

ಹೊರಡುವ ಮುನ್ನ ಅವನ ತಾಯಿ ಗಂಟನ್ನು ದೇವರ ಮುಂದೆ ಇರಿಸಿ ಬಿಚ್ಚಿದರು. ಎಣ್ಣೆಬಟ್ಟೆಯಿಂದ ಒಂದು ಸಲ ಒರಸಿ, ಕುಂಕುಮವಿಟ್ಟು, ಹಿತ್ತಲಿನ ಒಂದು ದಾಸವಾಳವನ್ನು ಏರಿಸಿದರು. “ಹಬ್ಬಕ್ಕೆ ಇನ್ನೂ ದಿನವಿದೆ, ಅಮ್ಮ” ಎಂದು ಮಗನು ಹೇಳಿದನು. “ಇರಲಿ ಬಿಡಪ್ಪ, ಮಾವನವರ ಪದ್ಧತಿ” ಎಂದರು.

ಠಾಣೆಯವರು ಪಿಸ್ತೂಲನ್ನೂ ಐದು ತೋಟಾಗಳನ್ನೂ ಪಡೆದು ರಸೀತಿಯನ್ನು ಬರೆದುಕೊಟ್ಟರು. ಹಿಡಿಕೆಯ ಮೇಲೆ ಕುಂಕುಮವು ಇನ್ನೂ ಹಸಿಯಾಗಿದ್ದಿತು. ಬರೆದುಕೊಳ್ಳುತ್ತಿದ್ದ ಪೇದೆಯು ಅದನ್ನು ನೋಡಿ, ಒರಸದೆ ಹಾಗೆಯೇ ಕಾಗದದಲ್ಲಿ ಸುತ್ತಿದನು. ಮಧ್ಯಾಹ್ನದ ರೈಲಿಗೆ ನಾವು ಬಂಗಾರಪೇಟೆಗೆ ಬಂದೆವು. ಮೊನ್ನೆ ಶಿಷ್ಯನಿಂದ ಕಾಗದ ಬಂದಿದೆ. ಅರ್ಜಿಯ ವಿಚಾರಣೆ ನಡೆಯುತ್ತಿದೆಯಂತೆ. ತಾತನ ಟ್ರಂಕಿನಲ್ಲಿ ಪಿಸ್ತೂಲಿದ್ದ ಜಾಗದಲ್ಲಿ ಈಗ ರಸೀತಿಯೂ ಆ ಎರಡು ಹಾಳೆಗಳೂ ಇವೆ. ಹುಡುಗನು ಎನ್.ಸಿ.ಸಿ. ಸೇರಿದ್ದಾನೆ. ಅವನ ಅಜ್ಜಿಗೆ ರಾತ್ರಿ ನಿದ್ದೆ ಬರುತ್ತಿದೆಯಂತೆ.